ತುದಿ ಮುಚ್ಚದ ಗೆರೆ

ಗದಗ ಬಸ್ ನಿಲ್ದಾಣದ ಹತ್ತಿರದ ಗಾಡಿಯಲ್ಲಿ ಮೊನ್ನೆ ಸಂಜೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಪೊಟ್ಟಣ ಬಿಚ್ಚಿದರೆ ಅದು ಯಾರೋ ವಿದ್ಯಾರ್ಥಿಯ ಗ್ರಾಫ್ ಹಾಳೆ. ಸಣ್ಣ ಸಣ್ಣ ಚೌಕಗಳು, ನಡುವೆ ಎರಡು ಅಕ್ಷ, ಅವುಗಳ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದ ಒಂದು ಸರಳರೇಖೆ. ಎಣ್ಣೆ ಕುಡಿದ ಹಾಳೆ ಗಾಜಿನಂತೆ ತಿಳಿಯಾಗಿ, ಗೆರೆ ಇನ್ನಷ್ಟು ಎದ್ದು ಕಾಣುತ್ತಿತ್ತು. ನಾನು ಮಿರ್ಚಿಗಳನ್ನು ತಟ್ಟೆಗೆ ಸುರಿದು ಹಾಳೆಯನ್ನು ದೀಪಕ್ಕೆ ಹಿಡಿದೆ. ಗೆರೆ ವೈ ಅಕ್ಷವನ್ನು ಮೂರರಲ್ಲಿ ಕಡಿದಿತ್ತು. ಅಲ್ಲಿಂದ ಬಲಕ್ಕೆ ಒಂದು ಮನೆ ಹೋದರೆ ಮೇಲಕ್ಕೆ ಎರಡು ಮನೆ ಏರುತ್ತಿತ್ತು. ಅಂದರೆ ವೈ ಸಮ ಎರಡು ಎಕ್ಸ್ ಕೂಡಿಸು ಮೂರು. ಬಿಂದುಗಳು ಸರಿ, ಗೆರೆಯೂ ನೆಟ್ಟಗಿದೆ. ಆದರೆ ಎರಡು ತುದಿಗೂ ಬಾಣದ ಗುರುತಿಲ್ಲ. ಅರ್ಧ ಅಂಕ ಹೋಯಿತಲ್ಲ ಎಂದು ಮರುಗುತ್ತ ಕೂತೆ.

"ಅದನ್ನ ತಿನ್ನಾಕ ತಂದೀರೋ, ತಿದ್ದಾಕ ತಂದೀರೋ?" ಎಂದು ಹೆಂಡತಿ ಕೇಳಿದಳು. ಅಷ್ಟರಲ್ಲಿ ಮಿರ್ಚಿ ಆರಿ ಮೆತ್ತಗಾಗಿದ್ದವು. ಆರಿದ ಮಿರ್ಚಿಯನ್ನು ಗಣಿತದ ಮಾಸ್ತರರಲ್ಲದೆ ಬೇರೆ ಯಾರೂ ತಿನ್ನಲಾರರು.

ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಎಷ್ಟೋ ವರ್ಷಗಳಿಂದ ಅದೇ ಹಲಗೆ, ಅದೇ ಗೆರೆ. ಇದರಿಂದ ಕಣ್ಣಿಗೆ ಒಂದು ರೋಗ ಅಂಟಿಕೊಂಡಿದೆ. ಮುಂಡರಗಿ ಬಸ್ಸಿನಲ್ಲಿ ಕಿಟಕಿಯ ಬದಿ ಕೂತರೆ ಉಳಿದವರು ಹೊಲದಲ್ಲಿ ಬೆಳೆ ನೋಡುತ್ತಾರೆ, ನಾನು ಸಮಾಂತರ ರೇಖೆ ನೋಡುತ್ತೇನೆ. ಗೋಡೆಯ ಮೇಲೆ ಫೋಟೋ ಓರೆಯಾಗಿದ್ದರೆ ನನಗೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಹೊಸ ಅಳಿಯನಾಗಿ ಮುಂಡರಗಿಯ ಮಾವನ ಮನೆಗೆ ಹೋದಾಗ ಊಟದ ನಡುವೆ ಎದ್ದು, ಗೋಡೆಯ ಮೇಲಿದ್ದ ಅವರ ಹಿರಿಯರನ್ನೆಲ್ಲ ನೆಟ್ಟಗೆ ಮಾಡಿ ಬಂದು ಕೂತೆ. ಅಳಿಯಂದಿರು ಮನೆತನ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಅತ್ತೆ ಗಾಬರಿಯಾದರಂತೆ. ಈಗ ನಾನು ಬರುವ ಸುದ್ದಿ ತಿಳಿದರೆ ಸಾಕು, ಅವರೇ ಕುರ್ಚಿ ಹತ್ತಿ ಎಲ್ಲವನ್ನೂ ಸರಿಮಾಡಿ ಇಟ್ಟಿರುತ್ತಾರೆ.

ಇದು ಅಪ್ಪನಿಂದ ಬಂದ ಬಳುವಳಿ. ನಮ್ಮ ಹೊಲ ಮಲ್ಲಸಮುದ್ರದ ಬದಿಗೆ, ರಸ್ತೆಗೆ ಹತ್ತಿಕೊಂಡೇ ಇತ್ತು. ಬಿತ್ತುವ ದಿನ ಅಪ್ಪ ಕೂರಿಗೆಯ ಹಿಂದೆ ನಿಂತು ಎದುರಿನ ಬದುವಿನ ಮೇಲೆ ಒಂದು ಗುರುತು ಹಿಡಿಯುತ್ತಿದ್ದ. ಕಲ್ಲೋ, ಗಿಡವೋ, ಏನಾದರೂ. ಎತ್ತುಗಳ ನಡುವಿನಿಂದ ಆ ಗುರುತಿಗೆ ಕಣ್ಣು ನೆಟ್ಟು ಮೊದಲ ಸಾಲು ಬಿಟ್ಟರೆ ಆಯಿತು, ಉಳಿದವೆಲ್ಲ ಅದರ ಪಕ್ಕದಲ್ಲಿ ತಾವಾಗಿ ಬೀಳುತ್ತಿದ್ದವು. ಎರಡು ಬಿಂದುಗಳು ಸಿಕ್ಕರೆ ಅವುಗಳ ಮೂಲಕ ಹೋಗುವ ಸರಳರೇಖೆ ಒಂದೇ ಎಂಬುದನ್ನು ನಾನು ಮೊದಲು ನೋಡಿದ್ದು ಅಲ್ಲಿ.

ಒಂದು ವರ್ಷ ಹೆಸರುಕಾಳು ಬಿತ್ತುವಾಗ ಅಪ್ಪನಿಗೆ ಬದುವಿನ ಮೇಲೆ ಬೆಳ್ಳಗಿನ ಕಲ್ಲೊಂದು ಕಂಡಿತು. ಅದನ್ನೇ ಗುರುತು ಹಿಡಿದು ಎತ್ತು ಹೊಡೆದ. ಅರ್ಧ ಹೊಲ ದಾಟುವಾಗ ಆ ಕಲ್ಲು ಎದ್ದು ನಿಂತಿತು. ಅದು ಯಾರದೋ ಬಿಳಿ ಆಡು, ಅಷ್ಟು ಹೊತ್ತು ಮಲಗಿತ್ತು. ಅಪ್ಪನ ಮಬ್ಬುಗಣ್ಣಿಗೆ ಮಾತ್ರ ಅದು ಕಲ್ಲಾಗಿಯೇ ಉಳಿಯಿತು. ಆಡು ಮೇಯುತ್ತ ಮೇಯುತ್ತ ಎಡಕ್ಕೆ ಸರಿಯಿತು, ಅಪ್ಪನ ಸಾಲೂ ಎಡಕ್ಕೆ ಸರಿಯಿತು. ಹೆಸರು ಮೊಳೆತಾಗ ನಮ್ಮ ಹೊಲದ ಸಾಲುಗಳೆಲ್ಲ ಆಡು ಹೋದ ದಾರಿಯಲ್ಲೇ ಬಳುಕಿ ನಿಂತಿದ್ದವು. ಹೊಂಬಳದ ಕಡೆಯವರು ಚಕ್ಕಡಿ ನಿಲ್ಲಿಸಿ, "ಏನಪಾ, ಬಿತ್ತೀಯೋ, ಕುಣದೀಯೋ?" ಎಂದು ಕೇಳಿ ಹೋಗುತ್ತಿದ್ದರು. ಹೆಸರೇನೋ ಚೆನ್ನಾಗಿಯೇ ಬಂತು. ಸುಗ್ಗಿ ಮುಗಿದ ಮೇಲೆ ಅಪ್ಪ ಗದಗಿಗೆ ಹೋಗಿ ಸದ್ದಿಲ್ಲದೆ ಒಂದು ಚಸ್ಮಾ ಮಾಡಿಸಿಕೊಂಡು ಬಂದ. ಬಿಂದು ಹಿಡಿಯುವ ಮೊದಲು ಅದು ಮೇಯುವ ಬಿಂದು ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ ಎಂದು ನಾನು ತರಗತಿಯಲ್ಲಿ ಈಗಲೂ ಹೇಳುತ್ತೇನೆ. ಹುಡುಗರು ನಗುವುದಿಲ್ಲ, ಅದನ್ನೂ ಬರೆದುಕೊಳ್ಳುತ್ತಾರೆ.

ಇರಲಿ, ನಾನು ಹೇಳಹೊರಟದ್ದು ಬಾಣದ ಗುರುತಿನ ವಿಷಯ. ಅದನ್ನು ಕಂಡಾಗಲೆಲ್ಲ ನನಗೆ ತಂಗಿ ನೀಲಾ ನೆನಪಾಗುತ್ತಾಳೆ.

ನೀಲಾ ನನಗಿಂತ ಬಹಳ ಚಿಕ್ಕವಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಡುಮ್ಕಿ ಹೊಡೆದಳು. ಮತ್ತೆ ಕಟ್ಟಬೇಕು ಅನ್ನುವಷ್ಟರಲ್ಲಿ ಶಿರಹಟ್ಟಿಯಿಂದ ಸಂಬಂಧ ಬಂತು, ಮದುವೆಯಾಯಿತು, ಗಣಿತ ಹಾಗೇ ಉಳಿಯಿತು. ಗಂಡ ಒಳ್ಳೆಯವ, ಹೊಲಮನೆ ನೋಡಿಕೊಂಡು ತನ್ನ ಪಾಡಿಗೆ ತಾನಿರುವವ. ಮನೆಯಲ್ಲಿ ನಡೆಯುವುದು ಅತ್ತೆ ಗಂಗವ್ವನವರ ಮಾತು. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ಇವಳಿಗೆ ಹಗಲು ಉದ್ದವಾಯಿತು. ಅವರ ಓಣಿಯ ತುದಿಯಲ್ಲಿ ಒಂದು ಅಂಗನವಾಡಿ ಇದೆ. ಅಲ್ಲಿಯ ಮಕ್ಕಳು ಅಳುವುದು ಇವಳ ಅಡುಗೆಮನೆಗೆ ಕೇಳುತ್ತದೆ. ಎಷ್ಟೋ ಸಲ ಒಲೆಯ ಉರಿ ಸಣ್ಣದು ಮಾಡಿ, ಓಡಿಹೋಗಿ ಒಂದು ಮಗುವನ್ನು ಎತ್ತಿ ಆಡಿಸಿ ಬರುತ್ತಿದ್ದಳು. ಒಂದು ದಿನ ಆ ಅಂಗನವಾಡಿಯ ಸಹಾಯಕಿಯ ಜಾಗ ತೆರವಾಗುವುದೆಂದು ತಿಳಿಯಿತು. ಊರವರೇ ಆಗಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಯಸ್ಸು ಮಿತಿಯೊಳಗೆ ಇರಬೇಕು. ಮುಂದಿನ ವರ್ಷವಾದರೆ ನೀಲಾಳ ವಯಸ್ಸು ದಾಟಿಬಿಡುತ್ತದೆ.

ಆವತ್ತೇ ನನಗೆ ಫೋನ್ ಬಂತು. "ಅಣ್ಣಾ, ನಂಗ ಆ ಕೆಲಸ ಬೇಕು. ಬ್ಯಾರೆ ಏನೂ ಕೇಳೂದಿಲ್ಲ ನಿನಗ. ಗಣಿತ ಒಂದ ಪಾಸ್ ಮಾಡಿಸು."

ಹೊಸ ಪಠ್ಯ ಬಂದದ್ದರಿಂದ ಎಲ್ಲ ವಿಷಯಗಳನ್ನೂ ಮತ್ತೆ ಬರೆಯಬೇಕಾಗಿತ್ತು. ಉಳಿದವುಗಳಿಗೆ ಅವಳು ಹೆದರಲಿಲ್ಲ. ಗಣಿತಕ್ಕೆ ಮಾತ್ರ ಪ್ರತಿ ಭಾನುವಾರ ನಾನು ಶಿರಹಟ್ಟಿ ಬಸ್ಸು ಹತ್ತತೊಡಗಿದೆ. ಮೊದಲನೆಯ ದಿನವೇ ಗಂಗವ್ವನವರು ಕಟ್ಟೆಯ ಮೇಲಿಂದ ನನ್ನನ್ನು ತಡೆದು ನಿಲ್ಲಿಸಿದರು. ಮೊಣಕಾಲು ಹಿಡಿದುಕೊಂಡದ್ದರಿಂದ ಅವರ ದರಬಾರು ನಡೆಯುವುದು ಆ ಕಟ್ಟೆಯ ಮೇಲೆಯೇ.

"ಮಾಸ್ತರ, ಖರೆ ಹೇಳ್ರಿ. ಕೂಸಿನ ಕುಂಡಿ ತೊಳಿಯಾಕ ಗಣಿತ ಯಾಕ ಬೇಕು?"

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಪುಸ್ತಕ ಬಿಚ್ಚಿದೆ.

ಪಾಸಾಗುವ ಮಟ್ಟಿಗೆ ಕಲಿಸುವುದಕ್ಕೆ ನಮ್ಮ ಮಾಸ್ತರರಲ್ಲಿ ಒಂದು ದಾರಿ ಇದೆ. ಕಠಿಣವಾದದ್ದನ್ನು ಬಿಟ್ಟು, ವರ್ಷ ವರ್ಷವೂ ತಪ್ಪದೆ ಬರುವ ಪ್ರಶ್ನೆಗಳನ್ನು ಗಟ್ಟಿ ಮಾಡಿಸುವುದು. ಅದರಲ್ಲಿ ಎಲ್ಲಕ್ಕಿಂತ ಭರವಸೆಯದು ಗ್ರಾಫ್. ಎರಡು ಸಮೀಕರಣ ಕೊಟ್ಟಿರುತ್ತಾರೆ. ಒಂದೊಂದಕ್ಕೂ ಬಿಂದು ಹುಡುಕಿ, ಗೆರೆ ಎಳೆದು, ಅವು ಕೂಡುವ ಜಾಗ ತೋರಿಸಿದರೆ ಮುಗಿಯಿತು. ತಲೆ ಓಡದಿದ್ದರೂ ಕೈ ಓಡಿದರೆ ಸಾಕು. ನೀಲಾಳ ಕೈಯ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಆ ಓಣಿಯಲ್ಲಿ ಅವಳಷ್ಟು ಚಂದ ರಂಗೋಲಿ ಹಾಕುವವರು ಇನ್ನೊಬ್ಬರಿಲ್ಲ. ಚುಕ್ಕಿ ಇಟ್ಟು ಎಳೆ ಎಳೆಯುವವಳಿಗೆ ಗ್ರಾಫ್ ಯಾವ ದೊಡ್ಡ ಮಾತು ಎಂದು ನಾನು ಧೈರ್ಯವಾಗಿದ್ದೆ.

ಸಮೀಕರಣ ಎಂದರೆ ಏನು ಎಂಬುದನ್ನು ನೀರು ತುಂಬುವುದರಿಂದಲೇ ಶುರು ಮಾಡಿದೆ. ನಳ ಯಾವಾಗ ಬರುತ್ತದೋ ಎಂದು ಕಾಯ್ದು ಬೆಳೆದವರು ನಾವು, ಬೆಟಗೇರಿಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. "ಬ್ಯಾರಲ್‌ದಾಗ ಮೊದಲ ಸ್ವಲ್ಪ ನೀರು ಉಳದಿರತೈತಿ ನೋಡು, ಅದು ಸಿ. ನಳ ಬಂದ ಮ್ಯಾಲ ನಿಮಿಷಕ್ಕ ಎಷ್ಟು ಬೀಳತೈತಿ, ಅದು ಎಂ. ನಳ ಬಂದು ಎಷ್ಟು ಹೊತ್ತಾತು, ಅದು ಎಕ್ಸ್. ಈಗ ಬ್ಯಾರಲ್‌ದಾಗ ಎಷ್ಟೈತಿ, ಅದು ವೈ."

ಅವಳು ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿ ತಾನೇ ಬರೆದಳು: ವೈ ಸಮ ಎಂ ಎಕ್ಸ್ ಕೂಡಿಸು ಸಿ. ಆಮೇಲೆ ಕೇಳಿದಳು, "ನಳ ಬರಲಿಲ್ಲಂದ್ರ?"

"ಎಂ ಸೊನ್ನಿ. ಗೆರಿ ಅಡ್ಡ ಮಲಗತೈತಿ."

"ಹಂಗಾದ್ರ ನಮ್ಮ ಬೆಟಗೇರಿ ಗೆರಿ ಬರೇ ಮಲಗಿದ್ದ ಬಿಡಣ್ಣಾ."

ಇಷ್ಟು ಚುರುಕಾದವಳು ನಪಾಸಾದದ್ದಾದರೂ ಹೇಗೆ ಎಂದು ನನಗೆ ಆಶ್ಚರ್ಯವಾಯಿತು. ಅದು ತಿಳಿದದ್ದು ಗ್ರಾಫ್ ಹಾಳೆ ಕೈಗೆ ಕೊಟ್ಟ ದಿನ. ಕೋಷ್ಟಕ ಸರಿಯಾಗಿ ಬರೆದಳು, ಬಿಂದುಗಳನ್ನೂ ಅವವುಗಳ ಮನೆಯಲ್ಲೇ ಇಟ್ಟಳು. ಆಮೇಲೆ ಎಳೆದ ಗೆರೆ ಮೊದಲ ಬಿಂದುವಿನ ಎಡಗಡೆಯಿಂದ ಬಂದು, ಎರಡನೆಯದರ ಬಲಗಡೆಯಿಂದ ಸುತ್ತಿ, ಮೂರನೆಯದನ್ನು ಬಳಸಿಕೊಂಡು ಹೊರಟಲ್ಲಿಗೇ ಬಂದು ಕೂಡಿತು. ನೋಡಲು ಬಹಳ ಚಂದ ಇತ್ತು.

"ಇದೇನ ನೀಲಾ?"

"ಎಳಿ ಅಲ್ಲೇನಣ್ಣಾ?"

ಎಳೆಯೇ ಅದು. ತಪ್ಪೇ ಇರಲಿಲ್ಲ, ರಂಗೋಲಿಯಾಗಿದ್ದರೆ. ಆ ಮನೆಯ ಎಳೆರಂಗೋಲಿಗೆ ಎರಡು ನಿಯಮ. ಎಳೆ ಚುಕ್ಕಿಯನ್ನು ಬಳಸಿ ಹೋಗಬೇಕು, ಚುಕ್ಕಿಯ ಮೇಲೆ ಹಾಯಬಾರದು. ಮತ್ತು ಎಳೆಯ ತುದಿ ತೆರೆದಿರಬಾರದು, ಎಲ್ಲಿ ಹೊರಟಿತೋ ಅಲ್ಲಿಗೆ ಬಂದು ಮುಚ್ಚಿಕೊಳ್ಳಬೇಕು. ತೆರೆದ ತುದಿಯಿಂದ ಮನೆಯ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು ಗಂಗವ್ವನವರು ಮದುವೆಯಾದ ಹೊಸದರಲ್ಲೇ ಸೊಸೆಗೆ ಕೈಹಿಡಿದು ಕಲಿಸಿದ್ದರು. ಅದಕ್ಕೂ ಮೊದಲು ನಮ್ಮ ಅವ್ವನೂ ಅದನ್ನೇ ಕಲಿಸಿದ್ದಳು. ಸರಳರೇಖೆಗೂ ನಿಯಮ ಎರಡೇ, ಆದರೆ ಪೂರ್ತಿ ಉಲ್ಟಾ. ಗೆರೆ ಬಿಂದುವಿನ ಮೇಲೆಯೇ ಹಾಯಬೇಕು, ತುದಿ ಎಂದೂ ಮುಚ್ಚಬಾರದು.

ನಾನು ಅಳತೆಪಟ್ಟಿ ಕೊಟ್ಟೆ. ಪಟ್ಟಿ ಹಿಡಿದರೂ ಅವಳ ಗೆರೆ ಬಿಂದುವಿಗೆ ಕೂದಲೆಳೆಯಷ್ಟು ಪಕ್ಕದಲ್ಲೇ ಹೋಗುತ್ತಿತ್ತು. ಚುಕ್ಕಿ ತುಳಿಯಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಅದನ್ನು ಹೇಗೋ ತಿದ್ದಿದೆ. ಕೊನೆಯ ಬಿಂದುವಿಗೆ ಬಂದ ಕೂಡಲೆ ಮಾತ್ರ ಪೆನ್ಸಿಲ್ ನಿಂತುಬಿಡುತ್ತಿತ್ತು.

"ಇನ್ನೂ ಮುಂದ ಹೋಗು."

"ಮುಂದ ಚುಕ್ಕಿನ ಇಲ್ಲಲ್ಲಣ್ಣಾ. ಚುಕ್ಕಿ ಇಲ್ಲದಲ್ಲಿ ಎಳಿ ಎಲ್ಲಿಗಿ ಹೋಗತೈತಿ?"

ಇಂಥ ಪ್ರಶ್ನೆಗಳಿಗೆ ಬಿ.ಎಡ್.ನಲ್ಲಿ ತಯಾರಿ ಕೊಡುವುದಿಲ್ಲ. ಹೋಗತೈತಿ, ನೀ ಸುಮ್ನ ಎಳಿ, ಬಾಣ ಹಾಕು, ಅರ್ಧ ಅಂಕ ಐತಿ ಅದಕ್ಕ ಎಂದು ಗದರಿಸಿದೆ. ಬಾಣ ಎಂದರೆ ಗೆರೆ ಇಲ್ಲಿಗೆ ಮುಗಿದಿಲ್ಲ, ಇನ್ನೂ ಇದೆ ಎಂದು ಹೇಳುವ ಗುರುತು. ಹಾಳೆ ಮುಗಿದದ್ದಕ್ಕೆ ನಿಲ್ಲಿಸಿದ್ದೇವೆ ಎಂದು ನೋಡುವವರ ಕ್ಷಮೆ ಕೇಳಿದ ಹಾಗೆ. ಇದನ್ನೂ ಹೇಳಿದೆ. ಅವಳು ತಲೆಯಾಡಿಸಿದಳು. ತರಗತಿಯಲ್ಲಿ ಆ ಥರ ತಲೆಯಾಡಿಸುವವರನ್ನು ನಾನು ಬಹಳ ನೋಡಿದ್ದೇನೆ.

ಈಗ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ ಒಂದು, ಪರೀಕ್ಷೆ ಎರಡು ಎಂದು ವರ್ಷದಲ್ಲಿ ಮೇಲಿಂದ ಮೇಲೆ ಬರುತ್ತವೆ. ಮೊದಲನೆಯದನ್ನು ಲಕ್ಷ್ಮೇಶ್ವರದ ಕೇಂದ್ರದಲ್ಲಿ ಬರೆದಳು. ಹೊರಗೆ ಬಂದವಳ ಮುಖ ನೋಡಿದ ಕೂಡಲೆ ನನಗೆ ಗೊತ್ತಾಯಿತು. ಬಸ್ಸಿನಲ್ಲಿ ಕೂತ ಮೇಲೆ ಹೇಳಿದಳು.

"ಗ್ರಾಫ್ ಬಂದಿತ್ತಣ್ಣಾ. ಚುಕ್ಕಿ ಎಲ್ಲಾ ಬರೋಬ್ಬರಿ ಇಟ್ಟೆ. ಗಂಟಿ ಬಾರಿಸಿದ್ರು. ಗಡಬಡಿಸಿ ಎಳದೆ. ನೋಡಿದ್ರ..."

"ಮುಚ್ಚಿದೇನು?"

"ಕೈ ಕೇಳಲಿಲ್ಲ."

ಎರಡೂ ಸಮೀಕರಣಗಳ ಬಿಂದುಗಳನ್ನೆಲ್ಲ ಒಂದೇ ಎಳೆಯಲ್ಲಿ ಸುತ್ತಿ ಮುಚ್ಚಿ ಬಂದಿದ್ದಳು. ಉತ್ತರಪತ್ರಿಕೆ ತಿದ್ದಿದ ಮಾಸ್ತರರು ಯಾರೋ, ಅದನ್ನು ನೋಡಿ ಏನೆಂದುಕೊಂಡರೋ. ಫಲಿತಾಂಶ ಬಂದಾಗ ಉಳಿದ ವಿಷಯಗಳೆಲ್ಲ ಪಾಸು, ಗಣಿತ ಮಾತ್ರ ನಪಾಸು. ಬೇಕಾಗಿದ್ದದ್ದು ಆ ಗ್ರಾಫಿನ ಅಂಕಗಳಷ್ಟೇ. ಎರಡನೆಯ ಪರೀಕ್ಷೆಗೆ ಹೆಚ್ಚು ದಿನ ಇರಲಿಲ್ಲ. ಅದರಲ್ಲಿ ಆಗದಿದ್ದರೆ ಅರ್ಜಿಯ ಅವಧಿ ಮುಗಿಯುತ್ತಿತ್ತು, ಅದರ ಹಿಂದೆಯೇ ವಯಸ್ಸೂ ಮುಗಿಯುತ್ತಿತ್ತು. ಮದುವೆಯಾದ ಮೇಲೆ ಏನನ್ನೂ ಕೇಳದಿದ್ದವಳು ಕೇಳಿದ್ದು ಇದೊಂದೇ, ಅದೂ ಹೀಗಾಯಿತಲ್ಲ ಎಂದು ನನಗೆ ಸಂಕಟವಾಯಿತು. ಅವಳು ಅಳಲಿಲ್ಲ. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಬೇರೆಯೇ ಒಂದು ಉಪಾಯ ಮಾಡಿದ್ದಳು.

ಬಸ್ಸಿಳಿದು ಓಣಿಗೆ ಬಂದರೆ ಎಲ್ಲರ ಬಾಗಿಲ ಮುಂದೆಯೂ ರಂಗೋಲಿ ಇದೆ, ನೀಲಾಳ ಮನೆಯ ಮುಂದೆ ಮಾತ್ರ ಇಲ್ಲ. ಅಂಗಳಕ್ಕೆ ನೀರಿನ ಥಳಿ ಹೊಡೆದು ಹಾಗೇ ಬಿಟ್ಟಿದ್ದಾರೆ. ನಮ್ಮ ಕಡೆ ಬಾಗಿಲ ಮುಂದೆ ರಂಗೋಲಿ ಇಲ್ಲವೆಂದರೆ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದೆ. ನೀಲಾ ನಿಶ್ಚಿಂತೆಯಿಂದ ರೊಟ್ಟಿ ಬಡಿಯುತ್ತಿದ್ದಳು. ಗಂಗವ್ವನವರು ಒಳಗೆ ಕೂತು ಚಹಾ ಕುಡಿಯುತ್ತಿದ್ದರು.

"ಪರೀಕ್ಷಾ ಮುಗಿಯೂತನಕ ರಂಗೋಲಿ ಬಂದ್ ಮಾಡೀನಣ್ಣಾ. ದಿನಾ ಮುಂಜಾನೆ ಮುಚ್ಚೂ ಎಳಿ ಹಾಕಿ, ಸಂಜೀಕ ಬಿಟ್ಟ ಗೆರಿ ಎಳಿ ಅಂದ್ರ ಕೈ ಯಾರ ಮಾತು ಕೇಳಬೇಕು?"

ತರ್ಕ ಸರಿಯಾಗಿತ್ತು, ಕೈ ಹಳೆಯದನ್ನು ಮರೆಯದೆ ಹೊಸದನ್ನು ಹಿಡಿಯುವುದಿಲ್ಲ. ನಾನು ಮೆಚ್ಚಿಕೊಂಡು ಒಂದು ಮಾತು ಆಡುವಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಮುಂದಿನ ಮನೆಯ ಕಲ್ಲವ್ವ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ಮೂವರ ಬಾಯಿಗೂ ಸೆರಗು ಬಂದಿತ್ತು. ಕಲ್ಲವ್ವ ಹೊಸ್ತಿಲ ಹೊರಗೇ ನಿಂತು ಶುರುಮಾಡಿದಳು.

"ನೀಲಾ, ಎಂಥಾ ಚಲೋ ಜೀವ ಇತ್ತಬೇ! ಬಾಯಿ ಕೆಟ್ಟದಿದ್ರೂ ಮನಸು ಬೆಣ್ಣಿ ಇತ್ತು ನೋಡು! ನಿನ್ನಿ ಇಡೀ ದಿನ ಕಟ್ಟಿ ಮ್ಯಾಲ ಕಾಣಲಿಲ್ಲ, ಅವಾಗ ನನಗ..."

ಅಷ್ಟರಲ್ಲಿ ಗಂಗವ್ವನವರು ಚಹಾದ ಬಟ್ಟಲು ಹಿಡಿದುಕೊಂಡೇ ಹೊರಬಾಗಿಲಿಗೆ ಬಂದರು. ಕಲ್ಲವ್ವನ ಸೆರಗು ಬಾಯಲ್ಲೇ ಉಳಿಯಿತು.

"ಅಯ್ಯ, ನೀ ಇಲ್ಲೇ ಅದಿ?"

"ಮತ್ತ ಎಲ್ಲಿ ಹೋಗಬೇಕಿತ್ತು ನಾ? ನಿನ್ನಿ ಮೊಣಕಾಲು ಬ್ಯಾನಿ, ಒಳಗ ಮಲಗಿದ್ದೆ. ಬಾಯಿ ಕೆಟ್ಟದು ಅಂದ್ಯಲ್ಲ, ಮುಂದಿಂದೂ ಹೇಳು. ಕೇಳಿ ಹೋಗ್ತೀನಿ."

ಕಲ್ಲವ್ವ ಎಷ್ಟು ಹೇಳಿದರೂ ಕೂರಲಿಲ್ಲ. ಬಂದ ಮೂವರೂ ತಿರುಗಿ ನೋಡದೆ ಹೋದರು. ನನಗೆ ನಗು ಬರುತ್ತಿತ್ತು, ನಗುವ ಹಾಗಿರಲಿಲ್ಲ. ಗಂಗವ್ವನವರ ಮುಖ ಕೆಂಪಾಗಿತ್ತು.

"ನೀಲಾ, ನಾಳಿಂದ ರಂಗೋಲಿ ಬೀಳಬೇಕು. ಇದ್ದಾಗ ನನ್ನ ಹೆಣಾ ಮಾಡಬ್ಯಾಡ್ರಿ."

ನೀಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಅವಳು ಅತ್ತೆಗೆ ಎದುರಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಆವತ್ತೂ ದನಿಯೇನೂ ಏರಲಿಲ್ಲ.

"ಅತ್ತಿ, ಇದೊಂದ ಸಲ ಬಿಡ್ರಿ. ನನಗ ಆ ಕೆಲಸ ಬೇಕ್ರಿ. ಈ ಸಲ ತಪ್ಪಿದ್ರ ಮತ್ತ ಇಲ್ರಿ."

ಗಂಗವ್ವನವರು ಕೋಲೂರಿಕೊಂಡು ಕಟ್ಟೆಗೆ ಹೋಗಿ ಕೂತರು. ಓಣಿಯಲ್ಲಿ ಹೋಗಿಬರುವ ಎಲ್ಲರಿಗೂ ತಾವು ಬದುಕಿರುವುದು ಕಾಣಲಿ ಎಂದೋ ಏನೋ, ಕತ್ತಲಾಗುವ ತನಕ ಒಳಗೆ ಬರಲಿಲ್ಲವಂತೆ. ಗ್ರಾಫ್ ಹಾಳೆಗಳನ್ನು ಕೊಟ್ಟು ನಾನು ಬಸ್ಸು ಹಿಡಿದೆ. ಗಂಡನ ಮನೆಯ ಜಗಳದಲ್ಲಿ ಅಣ್ಣಂದಿರು ಬಸ್ಸು ಹಿಡಿಯುವುದೇ ಒಳ್ಳೆಯದು.

ಮುಂದಿನ ಭಾನುವಾರ ಹೋದಾಗ ಅಂಗಳದಲ್ಲಿ ರಂಗೋಲಿ ಇತ್ತು. ನೀಲಾ ಸೋತಳು ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಅದು ನೀಲಾಳ ಕೈಯಲ್ಲ. ಚುಕ್ಕಿಗಳು ಒಂದು ಹಿಂದೆ, ಒಂದು ಮುಂದೆ. ಎಳೆ ಅಲ್ಲಲ್ಲಿ ನಡುಗಿ, ಒಂದು ಕಡೆ ದಪ್ಪ, ಒಂದು ಕಡೆ ಹರಿದೇ ಹೋಗಿತ್ತು. ಹೊಸ್ತಿಲ ಹತ್ತಿರ ಕೂರುವ ಮಣೆ ಇನ್ನೂ ಹಾಗೇ ಇತ್ತು. ಮೊಣಕಾಲು ಮಡಚಲು ಬಾರದೆ ಎಷ್ಟೋ ವರ್ಷಗಳಿಂದ ರಂಗೋಲಿ ಬಿಟ್ಟಿದ್ದ ಗಂಗವ್ವನವರು ಮಣೆಯ ಮೇಲೆ ಕೂತು, ಕಾಲು ಚಾಚಿಕೊಂಡು, ಕೈಗೆ ಎಟುಕಿದಷ್ಟು ಹಾಕಿದ್ದರು.

ನಾನು ನೋಡುತ್ತ ನಿಂತದ್ದನ್ನು ಕಂಡು ಕಟ್ಟೆಯ ಮೇಲಿಂದ ಅವರೇ ಹೇಳಿದರು. "ಮಂದಿ ಬಾಯಿ ಮುಚ್ಚಾಕ ಹಾಕೀನ್ರಿ ಮಾಸ್ತರ. ನಿಮ್ಮ ತಂಗಿ ಸಲುವಾಗಿ ಅಲ್ಲ ಮತ್ತ."

"ಗೊತ್ತಾತ್ರಿ ಅವ್ವಾರ."

"ಹೋಗ್ರಿ, ಒಳಗ ಗೆರಿ ಕೊರ್ಯಾಕ ಹತ್ಯಾಳ."

ಒಳಗೆ ನೀಲಾಳ ಗೆರೆಗಳು ಹದಕ್ಕೆ ಬಂದಿದ್ದವು. ಬಿಂದುವಿನ ಮೇಲೆ ಹಾಯುತ್ತಿದ್ದವು, ಕೊನೆಯ ಬಿಂದುವನ್ನು ದಾಟಿ ನಾಲ್ಕಾರು ಮನೆ ಮುಂದೆ ಹೋಗುತ್ತಿದ್ದವು. ಬಾಣ ಹಾಕುವಾಗ ಮಾತ್ರ ಇನ್ನೂ ಉಸಿರು ಬಿಗಿಹಿಡಿಯುತ್ತಿದ್ದಳು. ಎರಡು ಗೆರೆಗಳು ಮೂರು, ಎರಡು ಎಂಬ ಬಿಂದುವಿನಲ್ಲಿ ಕೂಡಿ, ಮುಖ ತಿರುಗಿಸದೆ ತಮ್ಮ ತಮ್ಮ ದಾರಿಯಲ್ಲಿ ಮುಂದಕ್ಕೆ ಹೊರಟುಹೋದದ್ದನ್ನು ನೋಡಿ, "ಒಂದ ಸಲ ಕೂಡಿ ಮತ್ತ ಎಂದೂ ಕೂಡೂದಿಲ್ಲೇನ ಇವು?" ಎಂದು ಕೇಳಿದಳು. ಇಲ್ಲ ಎಂದೆ. ಪಾಪ ಎಂದಳು. ಸರಳರೇಖೆಗಳ ಬಗ್ಗೆ ಪಾಪ ಎಂದವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಎರಡನೆಯ ಪರೀಕ್ಷೆಯ ಹಿಂದಿನ ದಿನವೇ ಹೋಗಿ ಅಲ್ಲಿ ಉಳಿದೆ. ಲಕ್ಷ್ಮೇಶ್ವರದ ಬಸ್ಸು ಜಲ್ದಿ ಇತ್ತು. ಮುಂಜಾನೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಬಂದ ನೀಲಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಂಗಳದಲ್ಲಿ ಎಂದಿನಂತೆ ಗಂಗವ್ವನವರ ಸೊಟ್ಟ ರಂಗೋಲಿ ಇತ್ತು. ಆದರೆ ಬೀದಿಯ ಕಡೆ ಎಳೆ ಕೂಡಿರಲಿಲ್ಲ. ಒಂದು ತುದಿ ಹೊಸ್ತಿಲಿಗೂ, ಇನ್ನೊಂದು ತುದಿ ಬೀದಿಗೂ ಮುಖ ಮಾಡಿ ತೆರೆದು ನಿಂತಿದ್ದವು, ನಡುವೆ ಒಬ್ಬರು ಕಾಲಿಟ್ಟು ದಾಟುವಷ್ಟು ಜಾಗ.

"ಅತ್ತಿ, ಇಲ್ಲೆ ಮುಚ್ಚೂದು ಮರತೀರಿ," ಎಂದಳು ನೀಲಾ.

"ಮರತಿಲ್ಲ. ನೀ ಹೊರಗ ಹೋಗಾಕಿ ಅದಿ. ಹೋಗಿ ಬಾ. ಆಮ್ಯಾಲ ಮುಚ್ಚೂನು."

ಲಕ್ಷ್ಮಿಯ ವಿಷಯ ಅಲ್ಲಿ ಯಾರೂ ಎತ್ತಲಿಲ್ಲ. ನೀಲಾ ಬಗ್ಗಿ ಅತ್ತೆಯ ಕಾಲು ಮುಟ್ಟಿ, ಆ ಜಾಗದಲ್ಲಿ ಕಾಲಿಟ್ಟು ಬೀದಿಗೆ ಇಳಿದಳು. ಬಸ್ಸಿನಲ್ಲಿ ಅವಳಿಗೆ ಹೇಳಬೇಕೆಂದು ಹೊಂದಿಸಿಕೊಂಡಿದ್ದ ಸೂತ್ರಗಳೆಲ್ಲ ಮರೆತುಹೋದವು, ಸುಮ್ಮನೆ ಕೂತೆ. ಮಾಸ್ತರರು ಸುಮ್ಮನಿದ್ದದ್ದೇ ಅವಳಿಗೆ ಒಳ್ಳೆಯದಾಯಿತೆಂದು ಆಮೇಲೆ ತಿಳಿಯಿತು.

ಪರೀಕ್ಷೆ ಮುಗಿದ ಮೇಲೂ ಗಂಗವ್ವನವರು ಸೊಸೆಗೆ ರಂಗೋಲಿ ಬಿಟ್ಟುಕೊಡಲಿಲ್ಲ. ದಿನಾ ತಾವೇ ಹಾಕುವುದು, ದಿನಾ ಆ ಒಂದು ಕಡೆ ತೆರೆದೇ ಬಿಡುವುದು. ಕಲ್ಲವ್ವ ನೋಡಿ ತಡೆಯಲಾರದೆ ಕೇಳಿದಳಂತೆ, "ಗಂಗವ್ವ, ತುದಿ ಬಿಟ್ಟಿ ನೋಡು. ನೀನ ನಮಗೆಲ್ಲಾ ಬೈತಿದ್ದಿ."

"ಪೇಪರ್ ತಿದ್ದಾಕ ಹತ್ಯಾರ, ತಡಿ," ಎಂದರಂತೆ ಗಂಗವ್ವನವರು. ಲಕ್ಷ್ಮೇಶ್ವರದಿಂದ ಹೋದ ಪೇಪರಿಗೂ ಶಿರಹಟ್ಟಿಯ ಅಂಗಳಕ್ಕೂ ಏನು ಸಂಬಂಧ ಎಂದು ಕಲ್ಲವ್ವನಿಗೆ ಇನ್ನೂ ತಿಳಿದಿಲ್ಲ.

ಗಣಿತದ ಪುಸ್ತಕದಲ್ಲಿ ಉತ್ತರ ಹಿಂದಿನ ಪುಟಗಳಲ್ಲಿ ಇರುತ್ತದೆ, ಹುಡುಗರು ಮೊದಲು ಅಲ್ಲಿಗೇ ಹೋಗುತ್ತಾರೆ. ನೀವೂ ಅಲ್ಲಿಗೇ ಬಂದಿರಬಹುದು. ಅವಳು ಪಾಸಾದಳು. ಅರ್ಜಿ ಸಮಯಕ್ಕೆ ಸರಿಯಾಗಿ ಹೋಯಿತು. ಈಗ ಓಣಿಯ ತುದಿಯ ಅಂಗನವಾಡಿಯಲ್ಲಿ ಅಳುವ ಮಕ್ಕಳನ್ನು ಎತ್ತಿಕೊಳ್ಳಲು ಒಲೆಯ ಉರಿ ಸಣ್ಣದು ಮಾಡಿ ಓಡಬೇಕಾಗಿಲ್ಲ, ಅವಳು ಅಲ್ಲಿಯೇ ಇರುತ್ತಾಳೆ. ನನಗೆ ಹೇಳಬೇಕಾಗಿದ್ದದ್ದು ಇದಲ್ಲ, ಫಲಿತಾಂಶ ಬಂದ ದಿನದ್ದು.

ಆವತ್ತು ಮೊಬೈಲಿನಲ್ಲಿ ಅಂಕ ನೋಡಿಕೊಂಡೇ ನಾನು ಶಿರಹಟ್ಟಿಗೆ ಹೋದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅವರ ಮುಖ ನೋಡಬೇಕು ಅನಿಸಿತು. ಗಂಗವ್ವನವರು ಕಟ್ಟೆಯ ಮೇಲಿದ್ದರು. ನನ್ನ ನಡಿಗೆಯಿಂದಲೇ ಅವರಿಗೆ ತಿಳಿದಿರಬೇಕು. ನಾನು ಬಾಯಿ ತೆರೆಯುವ ಮೊದಲೇ ಒಳಕ್ಕೆ ಕೂಗಿದರು.

"ನೀಲಾ, ಹೊರಗ ಬಾ. ರಂಗೋಲಿ ಬಟ್ಟಲ ತಗೊಂಡ ಬಾ."

ನೀಲಾ ಬಂದಳು. ನಾನು ಹೇಳಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗಂಗವ್ವನವರು ಕೋಲಿನಿಂದ ಅಂಗಳದ ತೆರೆದ ಜಾಗವನ್ನು ತೋರಿಸಿದರು.

"ಆತಲ್ಲ, ಇನ್ನ ಮುಚ್ಚು."

ನೀಲಾ ಕುಕ್ಕರಗಾಲಲ್ಲಿ ಕೂತು ಬಟ್ಟಲಿನಿಂದ ಚಿಟಿಕೆ ಪುಡಿ ತೆಗೆದುಕೊಂಡಳು. ಬಹಳ ದಿನಗಳ ಮೇಲೆ ಅವಳ ಕೈಗೆ ರಂಗೋಲಿ ಬಂದಿತ್ತು. ಬೀದಿಯ ಕಡೆಯ ತುದಿಯ ಹತ್ತಿರ ಕೈ ತಂದು ಸ್ವಲ್ಪ ತಡೆದಳು. ಆಮೇಲೆ ಎಳೆಯನ್ನು ಒಳಕ್ಕೆ ತಿರುಗಿಸಲಿಲ್ಲ, ಇನ್ನೊಂದು ಗೇಣು ಬೀದಿಗೆ ಎಳೆದು, ತುದಿಗೆ ಒಂದು ಬಾಣ ಹಾಕಿದಳು.

ಗಂಗವ್ವನವರು ಕಟ್ಟೆಯಿಂದ ಬಗ್ಗಿ ನೋಡಿದರು. "ಇದೇನಬೇ, ಕಾಗಿ ಕಾಲು?"

"ಬಾಣ್ರಿ ಅತ್ತಿ. ಗೆರಿ ಇಲ್ಲಿಗಿ ಮುಗಿಲಿಲ್ಲ ಅಂತ ಅರ್ಥ. ಅರ್ಧಾ ಮಾರ್ಕ್ಸ ಐತ್ರಿ ಇದಕ್ಕ."

ಗಂಗವ್ವನವರು ಆ ಬಾಣವನ್ನೂ, ಅದು ಮುಖ ಮಾಡಿದ್ದ ಅಂಗನವಾಡಿಯ ಕಡೆಯ ಬೀದಿಯನ್ನೂ ಒಂದು ಸಲ ನೋಡಿದರು. ಆಮೇಲೆ ಕೋಲನ್ನು ಹೊಸ್ತಿಲ ಕಡೆಯ ತುದಿಗೆ ತಂದರು.

"ಮತ್ತ ಈ ತುದಿಗಿ ಯಾಕ ಬಿಟ್ಟಿ? ಇದಕ್ಕೂ ಹಾಕು."